ಶಶಿ ಮಲಗಿದ್ದ ಬಿಡಾರ

ಹಂಚಿನ ಕಾರ್ಖಾನೆಯ ಹೊಗೆ ಇವತ್ತು ಈ ಕಡೆಗೇ ವಾಲಿದೆ, ಒಣಹಾಕಿದ ಸೀರೆಗೆ ಮಸಿ ಹಿಡಿಯುತ್ತದೆ, ಎದ್ದು ತೆಗೆಯಬೇಕು — ಆದರೆ ರತ್ನಾವತಿ ಚಾವಡಿಯಿಂದ ಏಳಲಿಲ್ಲ, ಎದ್ದರೆ ಜಗಲಿ ದಾಟಬೇಕು, ಜಗಲಿಯಲ್ಲಿ ಆಸ್ಯಮ್ಮ ಕಾಯುತ್ತಿದ್ದಾಳೆ, ಕುದ್ರೋಳಿಯಿಂದ ಈ ಜೆಪ್ಪುವಿನವರೆಗೆ ಮಗಳ ಕೈಹಿಡಿದು ನಡೆದು ಬಂದವಳು, ಅಂಗಳದಾಚೆಯ ಒಂಟಿ ಕೋಣೆಯ ಬಿಡಾರ ಬಾಡಿಗೆಗೆ ಬೇಕು ಎಂದವಳು, ಯೋಚಿಸಿ ಹೇಳುತ್ತೇನೆ ಎಂದು ಒಳಗೆ ಬಂದದ್ದಾಯಿತು, ಇನ್ನು ಎಷ್ಟು ಯೋಚಿಸುವುದು. ಬೀಡಿ ಕಟ್ಟಿ ಬದುಕುವವಳು, ಗಂಡ ಸುಲೈಮಾನ್ ಹಾಯಿ ಕಟ್ಟಿದ ಮಂಜಿ ಹಡಗಿನಲ್ಲಿ ಮಲಬಾರಿನ ಕಡೆ ಹೋದವನು ಮಳೆಗಾಲ ಕಳೆದರೂ ಬರಲಿಲ್ಲ, ಮೈದುನನ ಮನೆಯಲ್ಲಿ ಜಾಗವಿಲ್ಲ, ಬಾಡಿಗೆ ಕೆಲವು ತಿಂಗಳು ತಡ ಆದೀತು ಅಕ್ಕ, ಮೊದಲೇ ಹೇಳ್ತೇನೆ ಎಂದಳು, ಹೇಳದೆ ಇದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು. ಸಂಕಪ್ಪಣ್ಣನಿಗೆ ಗೊತ್ತಾದರೆ — ಅಣ್ಣ ಕೊಬ್ಬರಿ ವ್ಯಾಪಾರಿಯ ಹತ್ತಿರ ಮಾತಾಡಿ ಆಗಿದೆ, ಕೋಣೆಯ ತುಂಬ ಗೋಣಿ ಪೇರಿಸಿ ಬೀಗ ಹಾಕಿ ಹೋಗುತ್ತಾರೆ, ಗೋಣಿಗೆ ಹಸಿವಿಲ್ಲ, ಕಾಯಿಲೆ ಇಲ್ಲ, ನಿನಗೆ ತಲೆಬಿಸಿ ಇಲ್ಲ ರತ್ನಾ ಎಂದ, ಒಳ್ಳೆಯವನೇ, ನಮ್ಮ ಯಜಮಾನರು ತೀರಿಹೋದಂದಿನಿಂದ ನಂತೂರಿನ ಆಚೆಯ ಗದ್ದೆಯ ಅಕ್ಕಿಯನ್ನು ಗಾಡಿಯಲ್ಲಿ ಕಳಿಸುವವನು ಅವನೇ, ಅವನ ಮಾತು ಮೀರಿದರೆ ಮುಂದಿನ ಗಾಡಿ ಬಂದೀತು, ಬಾರದೆಯೂ ಇದ್ದೀತು, ಅಣ್ಣನ ಸಿಟ್ಟು ಚಿಕ್ಕಂದಿನಿಂದ ನೋಡಿದ್ದೇ ಅಲ್ಲವೇ, ಮೂರು ದಿನ ಉಣ್ಣದೆ ಕೂತವನು.

ಗೋಣಿ ಬಂದರೆ ಬಿಡಾರದ ಆ ಕಿಟಕಿ ಇನ್ನೆಂದೂ ತೆರೆಯುವುದಿಲ್ಲ, ಈಗಲೂ ತೆರೆದಿಲ್ಲವಲ್ಲ, ಶಶಿಯ ಮೈಮೇಲೆ ಸಿಡುಬು ಎದ್ದಾಗ ಮಗುವನ್ನು ಎತ್ತಿಕೊಂಡು ಅಲ್ಲಿಗೆ ಹೋಗಿ ಬೇವಿನ ಸೊಪ್ಪು ಹಾಸಿ ಮಲಗಿಸಿದ್ದು, ತಾಯಿ ಮಗಳು ಇಬ್ಬರೇ, ಮೈಯೆಲ್ಲ ಕೆಂಡ, ಅಮ್ಮ ಬೆಳಕು ಚುಚ್ಚುತ್ತದೆ, ಮುಚ್ಚು — ಮುಚ್ಚಿದಳು, ಆಮೇಲೆ ಮುನಿಸಿಪಾಲಿಟಿಯವರು ಬಂದು ಸುಣ್ಣ ಹೊಡೆದರು, ಬೀಗ ಬಿತ್ತು, ಅಲ್ಲಿಂದ ಯಾರೂ ಶಶಿಯ ಹೆಸರೆತ್ತಲಿಲ್ಲ, ಅಣ್ಣನೂ ಆ ವರ್ಷ ಎಂದಷ್ಟೇ ಹೇಳುತ್ತಾನೆ, ನೋವಾಗಬಾರದೆಂದು, ಅದೂ ಪ್ರೀತಿಯೇ ಇರಬೇಕು, ಆದರೆ ಎಂಟು ವರ್ಷ ಬಾಯಿತುಂಬ ಕರೆದ ಹೆಸರು ಎಲ್ಲಿಗೆ ಹೋಗಬೇಕು. ಬಾಡಿಗೆಗೆ ಕೇಳಿಕೊಂಡು ಬಂದ ಗುಮಾಸ್ತ ಸಿಡುಬು ಎಂದು ಕೇಳಿ ಬೇಲಿಯ ತಡಮೆ ದಾಟದೆ ಹಿಂದೆ ಹೋದ. ಒಳಗೆ ಬರುವ ಮೊದಲು ಆಸ್ಯಮ್ಮನಿಗೂ ಅದನ್ನೇ ಹೇಳಿದ್ದಳು, ಹೇಳಿದರೆ ಇವಳೂ ಹೋಗುತ್ತಾಳೆ, ಇಲ್ಲ ಎನ್ನುವ ಕಷ್ಟ ತಪ್ಪುತ್ತದೆ ಎಂದು, ಇಲ್ಲಿ ನನ್ನ ಮಗು ಸಿಡುಬಿನಲ್ಲಿ ಹೋಗಿದೆ ಆಸ್ಯಮ್ಮ. ಅವಳು ಏಳಲಿಲ್ಲ, ತಲೆಯ ವಸ್ತ್ರ ಸರಿಸಿದಳು, ಕೆನ್ನೆ ಹಣೆ ಎಲ್ಲ ಕಲೆ, ನನಗೂ ಬಂದಿತ್ತು ಅಕ್ಕ, ನಾನು ಉಳಿದೆ, ಎಂದು ವಸ್ತ್ರ ಮತ್ತೆ ಎಳೆದುಕೊಂಡು ಕೇಳಿದಳು, ಮಗುವಿನ ಹೆಸರು ಎಂತ?

ಶಶಿಪ್ರಭಾ. ತನ್ನ ದನಿ ತನಗೇ ಗುರುತು ಸಿಗಲಿಲ್ಲ. ಆಸ್ಯಮ್ಮ ಮಗಳ ಕಡೆ ತಿರುಗಿ, ಕೇಳಿದೆಯಾ ಆಯಿಶಾ, ಅದು ಶಶಿಯ ಕೋಣೆ, ಅಕ್ಕ ಕೊಟ್ಟರೆ ಗೋಡೆಗೆಲ್ಲ ಗೀಚ್ಲಿಕ್ಕಿಲ್ಲ ಎಂದಳು, ಪಕ್ಕದ ಮನೆಯ ಹುಡುಗಿಯ ವಿಷಯ ಹೇಳುವ ಹಾಗೆ, ಶಶಿ ಶಾಲೆಗೆ ಹೋಗಿರುವ ಹಾಗೆ, ಸಂಜೆ ಬರುವವಳ ಹಾಗೆ — ಅಯ್ಯೋ ದೇವರೇ, ಇಷ್ಟೊಂದು ಕೊಟ್ಟವಳನ್ನು ಜಗಲಿಯಲ್ಲಿ ಕೂರಿಸಿ ನಾನು ಇಲ್ಲಿ ಎಂತದು ಅಳೆಯುತ್ತಾ ಕೂತಿದ್ದೇನೆ. ಅಕ್ಕಿಯ ಗಾಡಿ ಬಾರದಿದ್ದರೆ ಗಂಜಿ ತೆಳುವಾದೀತು, ಹಿತ್ತಿಲ ಬಸಳೆ ಉಂಟು, ಅಣ್ಣ ಮೂರು ದಿನ ಉಣ್ಣದಿದ್ದರೆ ನಾಲ್ಕನೆಯ ದಿನ ಉಂಡಾನು. ರತ್ನಾವತಿ ಎದ್ದಳು, ಮೊಳೆಯಿಂದ ಬೀಗದ ಕೈ ತೆಗೆದಳು, ಜಗಲಿಗೆ ಬಂದು ಇವತ್ತೇ ಬಾ ಆಸ್ಯಮ್ಮ, ಅಣ್ಣನಿಗೆ ನಾನೇ ಹೇಳ್ತೇನೆ ಎಂದಳು, ಕೈಮುಗಿಯಬೇಕೆನಿಸಿತು, ಮುಗಿಯಲು ಹೋದರೆ ಆ ಹೆಂಗಸೇ ಮೊದಲು ಅಳುತ್ತಿದ್ದಾಳೆ, ಇಬ್ಬರೂ ಅಳುತ್ತಾ ನಿಂತರೆ ಬಾಗಿಲು ತೆಗೆಯುವವರು ಯಾರು, ತುಕ್ಕು ಹಿಡಿದ ಬೀಗ, ಸುಣ್ಣದ ವಾಸನೆ, ಇಲ್ಲ, ವಾಸನೆ ಯಾವುದೂ ಇಲ್ಲ, ಬರೇ ಧೂಳು, ಕಿಟಕಿಯ ಅಗುಳಿ ಸಿಕ್ಕಿಕೊಂಡಿದೆ, ಆಸ್ಯಮ್ಮ ಭುಜ ಕೊಟ್ಟು ದೂಡಿದಳು, ಬೆಳಕು ನೆಲದವರೆಗೆ ಬಿತ್ತು, ಚುಚ್ಚಲಿಲ್ಲ. ಆಯಿಶಾ ಬಾವಿಕಟ್ಟೆಯಲ್ಲಿ ಕಾಲು ತೊಳೆದುಕೊಂಡು ಒಳಗೆ ಬಂದಳು, ಹೊಸ್ತಿಲಿನಿಂದ ಕಿಟಕಿಯವರೆಗೆ ಒದ್ದೆ ಹೆಜ್ಜೆ, ಧೂಳಿನಲ್ಲಿ ಕೆಂಪಗೆ ಎದ್ದ ನೆಲ, ಪುಟ್ಟ ಹೆಜ್ಜೆ, ಒರೆಸ್ತೇನೆ ಅಕ್ಕ ಎಂದಳು ಆಸ್ಯಮ್ಮ, ಬೇಡ, ಇರಲಿ, ಸ್ವಲ್ಪ ಇರಲಿ, ಹಿಮ್ಮಡಿ ಆರುತ್ತಿದೆ, ಬೆರಳು ಇನ್ನೂ ಒದ್ದೆ, ಪುಟ್ಟ ಬೆರಳು, ಒದ್ದೆ ಹೆಜ್ಜೆ, ಕಿಟಕಿಯವರೆಗೆ, ಪುಟ್ಟ ಒದ್ದೆ ಹೆಜ್ಜೆ —