ಅಪ್ಪನ ಕೋಸ್ಟರ್

"ಅತ್ತೆ, ಲೋಟ ಹಾಗೇ ಇಡ್ಬೇಡಿ. ಕೋಸ್ಟರ್ ಮೇಲಿಡಿ," ಎಂದು ಅಕ್ಷತಾ ದುಂಡನೆಯ ರಟ್ಟೊಂದನ್ನು ಮೇಜಿನ ಮೇಲೆ ಸರಿಸಿದಳು. ಮಜ್ಜಿಗೆಯ ಲೋಟ ಹಿಡಿದ ಗಿರಿಜಮ್ಮನ ಕೈ ಅಲ್ಲೇ ನಿಂತಿತು. ಸೂರತ್ತಿನ ಉಧ್ನಾದಲ್ಲಿದ್ದ ಅವರ ಹೋಟೆಲಿಗೆ ಸೊಸೆ ಹೊಸ ಮೇಜುಗಳನ್ನು ತರಿಸಿದ್ದಳು. ಅವುಗಳ ಜೊತೆಗೇ ಈ ಮಾತೂ ಬಂದಿತ್ತು.

"ಕೋಸ್ಟರ್ ಅಂದ್ರೆ ಹಡಗಲ್ವಾ?"

ಮೊಮ್ಮಗಳು ಪೂರ್ವಿ ಕಿಸಕ್ಕನೆ ನಕ್ಕಳು. "ನಹೀಂ ಅಜ್ಜಿ! ರೋಲರ್ ಕೋಸ್ಟರ್! ಮೇಲೆ ಹೋಗ್ತದೆ, ಧಡಾಮ್ ಅಂತ ಕೆಳಗೆ ಬರ್ತದೆ."

ಗಿರಿಜಮ್ಮ ನಗಲಿಲ್ಲ. ಅವರ ಅಪ್ಪ ಕೋಸ್ಟರಿನಲ್ಲಿ ಅಡುಗೆಯವನಾಗಿದ್ದ. ಮಂಗಳೂರು ಹೆಂಚು ತುಂಬಿಕೊಂಡು ಕರಾವಳಿಯ ಗುಂಟ ಸೂರತ್ತಿನ ಕಡೆ ಬರುವ ಸಣ್ಣ ಹಡಗು ಅದು. ಒಂದು ಸಲ ಹೋದದ್ದು ತಿರುಗಿ ಬರಲಿಲ್ಲ. ಯಾರ ಹೆಣವೂ ಸಿಗಲಿಲ್ಲ. ಮುಂದೆ ಮದುವೆಯಾಗಿ ಇದೇ ಊರಿಗೆ ಬಂದರೂ ಗಿರಿಜಮ್ಮ ಊರಂಚಿನ ದುಮಸ್‌ನ ಕಡಲ ಕಡೆ ಮುಖ ಹಾಕಿರಲಿಲ್ಲ. ಕನಸಿನಲ್ಲಿ ಮಾತ್ರ ಅಪ್ಪ ಬರುತ್ತಿದ್ದ, ಬಾಯಿ ತೆರೆದು, ಕಣ್ಣಲ್ಲಿ ದಿಗಿಲು ತುಂಬಿಕೊಂಡು.

ಭಾನುವಾರ ಪೂರ್ವಿಯ ಹಟಕ್ಕೆ ಜಾತ್ರೆಯಂತೆ ಜನ ಸೇರಿದ್ದ ಪಾರ್ಕಿಗೆ ಹೋದರು. ರೋಲರ್ ಕೋಸ್ಟರ್ ಹತ್ತಿದರೆ ಅಕ್ಷತಾಳಿಗೆ ತಲೆ ಸುತ್ತುತ್ತದೆ, ಒಂಟಿ ಮಗುವನ್ನು ಅಲ್ಲಿಯವರು ಹತ್ತಿಸುವುದಿಲ್ಲ. ಪೂರ್ವಿಯ ಕಣ್ಣು ತುಂಬಿತು.

"ನಾನು ಕೂತ್ಕೊಳ್ತೇನೆ," ಎಂದರು ಗಿರಿಜಮ್ಮ.

"ಅತ್ತೆ, ನಿಮಗೆ ಆಗ್ತದಾ?"

"ನೋಡುವ."

ಬಂಡಿ ಏರತೊಡಗಿತು. ಮಗ್ಗದ ಶೆಡ್ಡುಗಳ ಸೂರುಗಳೂ ಕಟ್ಟಡಗಳೂ ಮಂಜಿನಂಥ ಬಿಸಿಲಲ್ಲಿ ಕೆಳಗೆ ತೇಲಿದವು. ನೆತ್ತಿಯಲ್ಲಿ ಒಂದು ಗಳಿಗೆ ಎಲ್ಲವೂ ನಿಂತಿತು. ಮರುಕ್ಷಣ ಜಾರಿದರು. ಹೊಟ್ಟೆ ಹೂವಿನಂತೆ ಹಗುರಾಯಿತು.

ಆಗ ಕೇಳಿಸಿತು, ಅಷ್ಟು ವರ್ಷ ಮರೆತೇಹೋಗಿದ್ದ ಅಪ್ಪನ ಸ್ವರ. ಪುಟ್ಟ ಹುಡುಗಿಯಾಗಿದ್ದ ಅವರನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಹೇಳಿದ್ದ: "ಅಲೆಯ ನೆತ್ತಿಯಿಂದ ಇಳಿವಾಗ ಹೊಟ್ಟೆಯೊಳಗೆ ಕಚಗುಳಿ ಇಟ್ಟ ಹಾಗೆ ಆಗ್ತದೆ ಮಗಾ. ನಾನು ಒಬ್ಬನೇ ನಗ್ತೇನೆ. ಉಳಿದವರು ನಂಗೆ ಮರುಳು ಅಂತಾರೆ."

ಗಿರಿಜಮ್ಮ ನಕ್ಕರು. ಗಾಳಿಗೆ ಸೆರಗು ಬಡಿಯುತ್ತಿತ್ತು, ಕಣ್ಣೀರು ಕಿವಿಯ ಕಡೆಗೆ ಹರಿಯುತ್ತಿತ್ತು. ಪಕ್ಕದಲ್ಲಿ ಪೂರ್ವಿ ಕಿರುಚುತ್ತಿದ್ದಳು, ಇವರು ನಗುತ್ತಲೇ ಇದ್ದರು.

ಇಳಿದ ಮೇಲೆ ಗಿರಿಜಮ್ಮ ಸೆರಗು ಸರಿಮಾಡಿಕೊಂಡರು. "ಅಕ್ಷತಾ, ದುಮಸ್‌ಗೆ ಈಗ ಹೋದ್ರೆ ಕತ್ತಲೆ ಆಗ್ತದಾ?"

ಸೊಸೆ ಅತ್ತೆಯ ಮುಖ ನೋಡಿದಳು. ರಿಕ್ಷಾ ಕರೆದಳು.

ಕಡಲು ಇಳಿತದಿಂದ ಮರಳುತ್ತಿತ್ತು. ಗಿರಿಜಮ್ಮ ಚಪ್ಪಲಿ ಬಿಟ್ಟು, ನೆರಿಗೆ ಎತ್ತಿ ಹಿಡಿದು ನಡೆದರು. ನೀರು ಬಂದು ಪಾದ ಮುಳುಗಿಸಿತು. ಹಿಂದೆ ಸರಿಯುವಾಗ ಹಿಮ್ಮಡಿಯ ಕೆಳಗಿನ ಕಪ್ಪು ಮರಳನ್ನು ಮೆಲ್ಲನೆ ಎಳೆದುಕೊಂಡಿತು. ಅವರು ಕಾಲನ್ನು ಇನ್ನೊಂದಿಷ್ಟು ಅಗಲಿಸಿ ನಿಂತರು.