ಸುಮಿ ಮಲಗಿದ್ದಾಳೆ

"ಸುಮಿ ಯಾರು?" ಎಂದಳು ಜಾಹ್ನವಿ, ಚಪಾತಿ ಲಟ್ಟಿಸುವುದನ್ನು ನಿಲ್ಲಿಸದೆ.

ಚಿನ್ಮಯ್ ಆಗಷ್ಟೇ ಬಾಲ್ಕನಿಯಿಂದ ಒಳಗೆ ಬಂದಿದ್ದ. ಕೆಳಗೆ ಕೀನ್ಯಾದ ನ್ಗಾರಾ ಪೇಟೆಯ ರಸ್ತೆಯಲ್ಲಿ ಮಟಾಟು ವ್ಯಾನುಗಳ ಹಾರ್ನು. ಅದರ ಮಧ್ಯೆಯೂ ಅವನು ಫೋನಿನಲ್ಲಿ ಕಾಲೇಜಿನ ಗೆಳೆಯ ಸುಜಯ್ ಜೊತೆ ಆಡಿದ ಮಾತು ಅವಳಿಗೆ ಕೇಳಿಸಿತ್ತು.

"ಪ್ರತಿ ಶನಿವಾರ ಇದೇ. ಸುಮಿ ಮಲಗಿದ್ದಾಳಾ, ಸುಮಿ ಅತ್ತಳಾ. ನಮ್ಮ ಮದುವೆಯಾಗಿ ಐದು ತಿಂಗಳಾಯ್ತು. ಇನ್ನೂ ಅಳಿಸ್ತಾನೇ ಇದ್ದೀರಲ್ಲ, ಪಾಪ!"

"ಅದು ಊರು ಕಣೇ. ಉಕ್ರೇನಲ್ಲಿ ನಾನು ಮೆಡಿಕಲ್ ಓದಿದ ಊರು."

"ಊರಿಗೆ ಯಾರಾದ್ರೂ ಅವಳು ಅಂತಾರಾ?"

ಅನ್ನುತ್ತಿದ್ದರು, ಹಾಸ್ಟೆಲಿನ ಕನ್ನಡದ ಹುಡುಗರು ಮಾತ್ರ. ಪಕ್ಕದ ಮನೆಯ ಸುಮಿತ್ರಾಳನ್ನು ಕರೆದಂತಿತ್ತು ಹೆಸರು. ಕರೆಂಟ್ ಹೋದರೆ ಸುಮಿ ಮಲಗಿದಳು. ಯುದ್ಧ ಬಂದ ಮೇಲೆ, ಸೈರನ್ ಕೂಗಿದರೆ ಸುಮಿ ಅತ್ತಳು. ತಮಾಷೆಗೆಂದು ಶುರುವಾದದ್ದು, ನಗು ಹೋಗಿ ಮಾತಷ್ಟೇ ಉಳಿದಿತ್ತು.

ಊರಿನ ಬಗ್ಗೆ ಎಷ್ಟು ಬೇಕಾದರೂ ಹೇಳಬಹುದಿತ್ತು. ಅದನ್ನು ಬಿಟ್ಟದ್ದು ಯಾವಾಗ ಎನ್ನುವುದೊಂದನ್ನು ಬಿಟ್ಟು. ಆರೂ ವರ್ಷ ಮುಗಿಸಿದ್ದೇನೆ, ಕೀನ್ಯಾದ ಲೈಸೆನ್ಸ್ ಬರುವವರೆಗೆ ಮಾತ್ರ ಈ ಗ್ಲೌಸು ಸಿರಿಂಜುಗಳ ಹೋಲ್‌ಸೇಲ್ ಅಂಗಡಿ ಎಂದು ಹೇಳಿ ಅವನು ಜಾಹ್ನವಿಯನ್ನು ಮದುವೆಯಾಗಿದ್ದ.

ಅಡುಗೆಕಟ್ಟೆಯ ಕಲ್ಲಿನ ಮೇಲೆ ಚೆಲ್ಲಿದ್ದ ಒಣಹಿಟ್ಟಿನಲ್ಲಿ ಬೆರಳಿಂದ ಗೆರೆ ಎಳೆದ. "ಇದು ಪ್ಸೆಲ್ ನದಿ. ಇಲ್ಲಿ ಹಳೇ ಊರು. ಕೊಸಾಕರು ಅನ್ನೋ ಕುದುರೆ ಸೈನಿಕರು ಕಟ್ಟಿದ್ದು, ಮುನ್ನೂರೈವತ್ತು ವರ್ಷದ ಮೇಲಾಯ್ತು. ಬೇಟೆಗಾರರ ಮೂರು ಜೋಳಿಗೆ ಸಿಕ್ಕಿದವಂತೆ ಇಲ್ಲಿ, ಚಿನ್ನ ತುಂಬಿದ್ದು. ಜೋಳಿಗೆಗೆ ಅವರು ಸುಮಾ ಅಂತಾರೆ."

"ಓ, ಸುಮಾನೂ ಇದ್ದಾಳೆ."

"ಕೇಳು ಸ್ವಲ್ಪ. ಆಮೇಲೆ ಬೀಟ್ ಸಕ್ಕರೆಯ ಸಾಹುಕಾರರು ಬಂದ್ರು. ಚರ್ಚು, ಆಸ್ಪತ್ರೆ ಎಲ್ಲ ಅವರದ್ದೇ. ಪಾರ್ಕಲ್ಲಿ ಒಂದು ಮರದ ಮಂಟಪ ಇದೆ, ಕಸೂತಿ ಹಾಕಿದ ಹಾಗೆ ಕೆತ್ತಿದ್ದಾರೆ."

"ರಷ್ಯಾ ಎಲ್ಲಿ?"

ಬೆರಳು ಹಿಟ್ಟಿನ ಅಂಚಿಗೆ ಹೋಯಿತು. "ಇಲ್ಲೇ. ಬೆಂಗಳೂರಿಂದ ರಾಮನಗರಕ್ಕೆ ಹೋದಷ್ಟು."

ಅವಳ ಭುಜ ಸಡಿಲವಾಯಿತು. ನಕ್ಕಳು. ನಂಬಿದಳೆಂಬ ಖುಷಿಗೆ ಅವನ ಮಾತು ನಿಲ್ಲಲಿಲ್ಲ. ಯುದ್ಧದಲ್ಲಿ ನೀರು ನಿಂತಾಗ ಹಿಮವನ್ನು ಬಕೆಟ್ಟಿಗೆ ತುಂಬಿ ಕರಗಿಸಿ ಕುಡಿದದ್ದು, ಮಾರ್ಚ್ ಎಂಟರಂದು ವಿದ್ಯಾರ್ಥಿಗಳನ್ನು ಹತ್ತಿಸಿಕೊಂಡು ಬಸ್ಸುಗಳು ಸಾಲಾಗಿ ಪೊಲ್ತಾವಾ ಊರಿಗೆ ಹೊರಟದ್ದು. "ಒಂದೇ ಬ್ಯಾಗು ತಗೊಳ್ಳಿ ಅಂದ್ರು. ನಾಲ್ಕನೇ ವರ್ಷದ ಪುಸ್ತಕ ಎಲ್ಲ ಮಂಚದ ಕೆಳಗೇ ಬಿಟ್ಟು ಬಂದೆ."

ಲಟ್ಟಣಿಗೆ ನಿಂತಿತು.

"ನಾಲ್ಕನೇ ವರ್ಷದ್ದಾ?"

ಸುಳ್ಳಿಗೆ ದಾರಿ ಇನ್ನೂ ಇತ್ತು. ಅವನು ಹುಡುಕಲಿಲ್ಲ. "ಸುಜಯ್ ಓದು ಮುಂದುವರಿಸೋಕೆ ಸುಮಿಗೆ ವಾಪಸ್ ಹೋದ. ಬರೋ ತಿಂಗಳು ಮುಗಿಸ್ತಾನೆ. ನನಗೆ ಧೈರ್ಯ ಬರಲಿಲ್ಲ."

"ಲೈಸೆನ್ಸು?"

"ಅರ್ಜೀನೇ ಹಾಕಿಲ್ಲ."

ಅವಳು ಹಿಟ್ಟಿನಲ್ಲಿದ್ದ ಊರನ್ನೇ ನೋಡುತ್ತಾ ನಿಂತಳು. "ಹುಡುಗೀನೇ ಆಗಿದ್ದಿದ್ರೆ ಎರಡು ದಿನ ಜಗಳ ಆಡಿ ಸುಮ್ಮನಾಗ್ತಿದ್ದೆ," ಎಂದಳು. ಆಮೇಲೆ, "ನಮ್ಮಪ್ಪನಿಗೆ ಫೋನ್ ಮಾಡಿ ಹೇಳು. ಈಗಲೇ."

ಅವಳು ಅವನಿಗೆ ಏಕವಚನ ಬಳಸಿದ್ದು ಅದೇ ಮೊದಲು.

ಮೈಸೂರಿನಲ್ಲಿ ಮಾವ ತಕ್ಷಣ ಎತ್ತಿಕೊಂಡರು. ಹಿಂದೆ ಟೀವಿ ಜೋರಾಗಿತ್ತು. "ಹೇಳಿ ಡಾಕ್ಟ್ರೇ!"

"ಮಾವ, ನಾನು ಡಾಕ್ಟರಲ್ಲ."

"ಏನಂದ್ರಿ? ಸರಿಯಾಗಿ ಕೇಳಿಸ್ಲಿಲ್ಲ. ಇರಿ, ಟೀವಿ ಆಫ್ ಮಾಡಿಸಿ ಸ್ಪೀಕರ್‌ಗೆ ಹಾಕ್ತೀನಿ. ಎಲ್ಲರೂ ಇಲ್ಲೇ ಇದ್ದಾರೆ."

ಆ ಕಡೆ ಮನೆ ನಿಶ್ಶಬ್ದವಾಯಿತು. ಚಿನ್ಮಯ್ ಅದನ್ನೇ ಇನ್ನೊಮ್ಮೆ, ಒಂದೊಂದು ಪದ ಬಿಡಿಸಿ ಹೇಳಿದ.