ಪಕ್ಕದ ತೊಟ್ಟಿಯ ಪೊರೆ

ಎಡಗೈ ಅಂಗಿಯ ತೋಳಿನೊಳಗೆ ಹೋಗಲೊಲ್ಲದು. ವಾರಕ್ಕೆ ಮೂರು ಸಲದಂತೆ ನಾಲ್ಕು ವರ್ಷ ಡಯಾಲಿಸಿಸ್ ಸೂಜಿ ಚುಚ್ಚಿಸಿಕೊಂಡ ಕೈ. ರಕ್ತನಾಳಗಳು ಮೊಣಕೈಯಿಂದ ಮೇಲಕ್ಕೆ ಗಂಟುಗಂಟಾಗಿ ಉಬ್ಬಿದ್ದವು.

"ಹೊಲಿಗೆ ಬಿಚ್ಚಿಬಿಡೋಣ ಅತ್ತಿಗೆ, ಯಾರಿಗೆ ಕಾಣುತ್ತೆ?" ಎಂದಳು ನಾದಿನಿ.

"ಬೇಡ. ಇವರಿಗೆ ಎಲ್ಲಾ ಅಚ್ಚುಕಟ್ಟಾಗಿರಬೇಕು." ಹೆಂಡತಿ ಬಟ್ಟೆಯನ್ನು ಬೆರಳಷ್ಟು ಬೆರಳಷ್ಟೇ ಮೇಲಕ್ಕೆ ಸರಿಸುತ್ತಾ ಬಾಗಿಲ ಕಡೆ ನೋಡಿದಳು. "ಮೇಡಂ, ಸ್ವಲ್ಪ ಮೊಣಕೈ ಎತ್ತಿ ಹಿಡೀತೀರಾ?"

ಹೂವು ಹಿಡಿದು ನಿಂತಿದ್ದ ಮೇಡಂ ಬೆಚ್ಚಿದರು. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಸಂಶೋಧನಾಲಯದವರಿಗೆಲ್ಲ ಅವರು ಈಗಲೂ ಮೇಡಂ. ಉಸಿರಿಲ್ಲದೆ ಮಲಗಿದ್ದವರು ಅವರ ಕೈಕೆಳಗೆ ದುಡಿದಿದ್ದ ತಂತ್ರಜ್ಞ. ಗಾಜಿನ ಹಲಗೆಯ ಮೇಲೆ ಕೂದಲಿಗಿಂತ ತೆಳ್ಳಗೆ ಸೋಸುವ ಪೊರೆ ಎಳೆಯುವ ಕೈಚಳಕಕ್ಕೆ ‘ಪೊರೆ ಮೇಷ್ಟ್ರು’ ಎಂಬ ಅಡ್ಡಹೆಸರು ಬಂದಿತ್ತು. ಮೇಡಂ ಮೊಣಕೈ ಹಿಡಿದರು. ಅಂಗಿ ಮೇಲೇರಿತು. ಕೈ ಬಿಟ್ಟ ಮೇಲೂ ಆ ತಣುಪು ಅವರ ಬೆರಳುಗಳಲ್ಲೇ ಉಳಿಯಿತು.

ದೇಹವನ್ನು ಹೊರಕೋಣೆಗೆ ತಂದು ಮಲಗಿಸಿದರು. ಅಲ್ಲಿ ಹಳೆಯ ಸಹೋದ್ಯೋಗಿಗಳು ಗೋಡೆಗೊರಗಿ ಕೂತಿದ್ದರು. ಸಂಶೋಧನಾಲಯದ ಗಾಜಿನ ಸಾಮಾನೆಲ್ಲ ಊದಿ ಕೊಡುತ್ತಿದ್ದ ಮುದುಕ ಹೇಳುತ್ತಿದ್ದ: "ಟೀ ಮೇಲೆ ಕೆನೆ ಕಟ್ಟಿದ್ರೆ ಅದನ್ನೂ ಚಮಚದಲ್ಲಿ ಎತ್ತಿ ಬೆಳಕಿಗೆ ಹಿಡಿಯೋನು ಮಾರಾಯ, ಎಲ್ಲಾದ್ರೂ ತೂತಿದೆಯಾ ಅಂತ!" ನಾಲ್ಕಾರು ಜನ ನಕ್ಕು, ತಕ್ಷಣ ನಗು ನುಂಗಿಕೊಂಡರು. "ಅಂಥವನೂ ಒಂದ್ಸಲ ಎಡವಿದ ನೋಡು," ಎಂದ ಮುದುಕ.

ಮಗಳು ಮೇಡಂ ಅವರನ್ನು ಅಡುಗೆಮನೆಗೆ ಕರೆದು ನೀರು ಕೊಟ್ಟಳು.

"ಅಪ್ಪ ನಿಮಗೊಂದು ಮಾತು ಹೇಳು ಅಂದಿದ್ರು ಮೇಡಂ. ಕ್ಷಮಿಸಬೇಕಂತೆ."

"ನಾನಾ? ಯಾಕಮ್ಮ?"

"ಆ ಕುರಿ ವಿಷಯ. ಎಲ್ಲೋ ಒಂದ್ಸಲ ನೀರು ಬದಲಾಯಿಸೋದು ಮರೆತಿರ್ಬೇಕು ಅಂತ ಕೊನೇವರೆಗೂ ಕೊರಗಿದ್ರು. ಡಯಾಲಿಸಿಸ್‌ಗೆ ಹೋದಾಗೆಲ್ಲ, ‘ಅವತ್ತು ನಾನು ಸರಿಯಾಗಿ ತೊಳೆದಿದ್ರೆ ಇವರ‍್ಯಾರೂ ಇಲ್ಲಿ ಮಲಗಬೇಕಾಗಿರ್ಲಿಲ್ಲ’ ಅನ್ನೋರು. ಅಕ್ಕಪಕ್ಕದ ಮಂಚದೋರ ಹತ್ರ ಕ್ಷಮೆ ಕೇಳೋರು. ಅವರಿಗೋ ತಲೆಬುಡ ತಿಳೀತಿರ್ಲಿಲ್ಲ."

ಮೇಡಂ ಲೋಟವನ್ನು ಬಾಯಿಂದ ಇಳಿಸಿದರು.

*

ಇಪ್ಪತ್ತೆರಡು ವರ್ಷದ ಹಿಂದೆ ಅವರ ಪ್ರಯೋಗಶಾಲೆಯಲ್ಲಿ ಅಂಗೈಯಗಲದ ಒಂದು ಸಾಧನ ತಯಾರಾಗಿತ್ತು. ಹೊಟ್ಟೆಯೊಳಗೆ ಕೂತು, ಕೆಟ್ಟ ಮೂತ್ರಪಿಂಡದ ಬದಲು ರಕ್ತ ಸೋಸಬೇಕಾದದ್ದು. ಅದರ ಜೀವವೆಲ್ಲ ಒಳಗಿನ ಪೊರೆಯಲ್ಲಿತ್ತು. ಪೊರೆ ಪರಕೀಯ ಅನ್ನಿಸಿತೋ, ರಕ್ತ ಅಲ್ಲೇ ಹೆಪ್ಪುಗಟ್ಟಿಬಿಡುತ್ತದೆ. ಹಾಗಾಗಿ ಎಳೆದ ಪೊರೆಯಲ್ಲಿ ರಾಸಾಯನಿಕದ ಸುಳಿವೂ ಉಳಿಯದಂತೆ ಮೂರು ದಿನ ನೀರಿನ ತೊಟ್ಟಿಯಲ್ಲಿಟ್ಟು ತೊಳೆಯಬೇಕು. ಮೇಷ್ಟ್ರು ಹೊತ್ತುಹೊತ್ತಿಗೆ ನೀರು ಬದಲಾಯಿಸುತ್ತಿದ್ದರು. ಊಟಕ್ಕೆ ಕೂತರೂ ಕಣ್ಣು ಗಡಿಯಾರದ ಮೇಲೆಯೇ.

ಕುರಿಯ ಮೇಲೆ ಮೊದಲ ಪ್ರಯೋಗ. ಪರಿಶೀಲನಾ ಸಮಿತಿಯವರು ಬಂದು ಕೂತಿದ್ದರು. ಕುರಿಗೆ ಅರಿವಳಿಕೆ ಕೊಟ್ಟಾಗಿತ್ತು. ಮೇಷ್ಟ್ರು ಅಲ್ಲಿ ಕೊಳವೆ ಜೋಡಿಸುತ್ತಿದ್ದರಿಂದ ಪೊರೆ ತರಲು ಮೇಡಂ ಒಬ್ಬರೇ ಹೋದರು. ತೊಟ್ಟಿಯಿಂದ ಎತ್ತುವಾಗ ಅವಸರಕ್ಕೆ ಇಕ್ಕಳ ಜಾರಿತು, ಪೊರೆ ಹರಿಯಿತು. ಮೂರು ದಿನ ತೊಳೆದದ್ದು ಅದೊಂದೇ. ಪಕ್ಕದ ತೊಟ್ಟಿಯಲ್ಲಿ ಹಿಂದಿನ ದಿನವಷ್ಟೇ ಹಾಕಿದ ಇನ್ನೊಂದಿತ್ತು. ಕಣ್ಣಿಗೆ ಎರಡೂ ಒಂದೇ.

ಆಚೆ ಹೋಗಿ ‘ನನ್ನ ಕೈಯಿಂದ ಹರೀತು, ಎರಡು ದಿನ ಕೊಡಿ’ ಎಂದಿದ್ದರೆ ಸಾಕಿತ್ತು. ಮೇಡಂ ಹರಿದದ್ದನ್ನು ಕಸದ ಡಬ್ಬಿಯ ತಳಕ್ಕೆ ತುರುಕಿ ಇನ್ನೊಂದನ್ನು ಎತ್ತಿಕೊಂಡರು.

ಮಧ್ಯಾಹ್ನದೊಳಗೆ ಕುರಿ ಸತ್ತಿತು.

"ತೊಳೆಯೋ ಹಂತದಲ್ಲಿ ಲೋಪ ಆಗಿದೆ," ಎಂದರು ಮೇಡಂ, ಸಮಿತಿಯ ಮುಂದೆ. ಮಾತು ಸುಳ್ಳಲ್ಲ. ಯಾರ ಹೆಸರನ್ನೂ ಹೇಳಿರಲಿಲ್ಲ. ಆದರೂ ಎಲ್ಲರ ಕಣ್ಣು ಮೇಷ್ಟ್ರ ಕಡೆ ತಿರುಗಿತು. ಮೇಷ್ಟ್ರು ತಲೆ ತಗ್ಗಿಸಿದರು. ಮೇಡಂ ಮುಂದಿದ್ದ ಕಾಗದ ತಿರುವಿದರು. ಯಾವ ತೊಟ್ಟಿಯ ಪೊರೆ ಹೋಗಿದೆಯೆಂದು ಯಾರಿಗೂ ತಿಳಿಯದಂತೆ ಆ ಸಂಜೆಯೇ ತೊಟ್ಟಿಗಳನ್ನೆಲ್ಲ ತಾವೇ ಖಾಲಿ ಮಾಡಿದರು.

ಯೋಜನೆ ಮೂಲೆಗೆ ಬಿತ್ತು. ಮೇಷ್ಟ್ರನ್ನು ಉಗ್ರಾಣಕ್ಕೆ ಹಾಕಿದರು. ಮೇಡಂ ಎದುರಾದಾಗಲೆಲ್ಲ ಅವರೇ ದಾರಿ ಬಿಟ್ಟು ಗೋಡೆಗೆ ಒತ್ತಿಕೊಳ್ಳುತ್ತಿದ್ದರು. ನಾಳೆ ಹೇಳೋಣ ಅಂದುಕೊಳ್ಳುತ್ತಲೇ ಮೇಡಂ ಬಡ್ತಿ ಪಡೆದರು, ನಿವೃತ್ತರಾದರು.

*

"ನಿಮ್ಮಪ್ಪ ಏನೂ ಮರೆತಿರಲಿಲ್ಲ," ಎಂದರು ಮೇಡಂ. ಲೋಟ ಕೆಳಗಿಟ್ಟು, ಮಗಳ ಮುಖ ನೋಡಲಾರದೆ, ನಲ್ಲಿಯನ್ನು ನೋಡುತ್ತಾ ಅಷ್ಟನ್ನೂ ಹೇಳಿದರು. ಮುಗಿಸಿ ತಿರುಗಿದಾಗ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಇವರಿಗೆ ಹೇಳಿದ್ರಾ?" ಎಂದು ಕೇಳಿದಳು.

"ಇಲ್ಲ."

"ಆಸ್ಪತ್ರೆಗೆ ನೋಡೋಕೆ ಬಂದಿದ್ರಲ್ಲ, ಹಣ್ಣು ತಗೊಂಡು. ಅವತ್ತೂ ಇಲ್ವಾ?"

"ಇಲ್ಲಮ್ಮ. ನಾಲಿಗೆ ಏಳಲಿಲ್ಲ. ನಿಮ್ಮ ಕಾಲಿಗೆ ಬೇಕಾದ್ರೂ..."

"ನನ್ನ ಕಾಲು ಯಾಕೆ?" ಹೆಂಡತಿಯ ದನಿ ಏರಲಿಲ್ಲ. "ಇಪ್ಪತ್ತೆರಡು ವರ್ಷ ಇವರು ಒಬ್ಬರ ಮುಖಾನೂ ನೆಟ್ಟಗೆ ನೋಡ್ಲಿಲ್ಲ. ಮಗಳ ಮದುವೇಲೂ ಲ್ಯಾಬಿನೋರು ಬಂದ ಕೂಡ್ಲೇ ಹಿತ್ತಲಿಗೆ ಹೋಗಿ ನಿಂತ್ಕೊಂಡಿದ್ರು. ಅವರೆಲ್ಲ ಈಗ ಆಚೆ ಕೂತಿದಾರೆ. ಗಾಡಿ ಬರೋದಕ್ಕೆ ಇನ್ನೂ ಹೊತ್ತಿದೆ. ಬನ್ನಿ."

ಮೇಡಂ ಹೋದರು. ತಲೆಯ ಬಳಿ ಬಗ್ಗಿ ಮೇಷ್ಟ್ರ ಕಿವಿಯಲ್ಲಿ ಏನೋ ಪಿಸುಗುಟ್ಟತೊಡಗಿದರು.

"ಜೋರಾಗಿ," ಎಂದಳು ಹೆಂಡತಿ.

ಮೇಡಂ ನೆಟ್ಟಗಾದರು. ಐವತ್ತು ಸಭೆಗಳಲ್ಲಿ ಕಾಗದ ನೋಡದೆ ಮಾತಾಡಿದ್ದವರಿಗೆ ಸೆರಗಿನ ಅಂಚು ಬೇಕಾಯಿತು, ಹಿಡಿದುಕೊಳ್ಳಲು. "ಕುರಿಗೆ ಹಾಕಿದ ಆ ಪೊರೆ... ಮೇಷ್ಟ್ರು ತೊಳೆದದ್ದಲ್ಲ. ಅವರು ತೊಳೆದದ್ದನ್ನ ನಾನು ಹರಿದುಹಾಕಿದೆ. ತೊಳೆಯದೇ ಇದ್ದದ್ದನ್ನ ಹಾಕಿಸಿದೆ. ಕೆಟ್ಟ ಹೆಸರು ಇವರಿಗೆ ಬಂತು. ನಾನು ಸುಮ್ಮನಿದ್ದೆ."

ಗೋಡೆಗೊರಗಿದ್ದವರ ಬೆನ್ನು ಒಂದೊಂದಾಗಿ ಗೋಡೆ ಬಿಟ್ಟಿತು. ಗಾಜಿನ ಕೆಲಸದ ಮುದುಕ ಮಾತ್ರ ಅವರಿವರ ಮುಖ ನೋಡಿ, ಕಿವಿಯ ಹಿಂದೆ ಕೈ ಇಟ್ಟುಕೊಂಡು ಮುಂದಕ್ಕೆ ಬಾಗಿದ.

"ಏನಂದ್ರಿ ಮೇಡಂ? ನನಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."

ಹಿಂದೆಯೇ ಬಂದಿದ್ದ ಮಗಳು ಗರಗರ ಎನ್ನುತ್ತಿದ್ದ ಫ್ಯಾನ್ ಆರಿಸಿದಳು. ರೆಕ್ಕೆಗಳು ಪೂರ್ತಿ ನಿಲ್ಲುವವರೆಗೂ ಎಲ್ಲರೂ ಕಾದರು.